ಕಚ್ಚಾ ಬಾಟಲಿ

ಪರ್ವರಿ
೩ ಫೆಬ್ರವರಿ ೧೯೯೨

ಸೊಸಿ ತುಳಸಿಗೆ ನಾನಪ್ಪ ಮಾಮಾನ ಆಶೀರ್ವಾದ.

ಮೊದಲು ಖರ್ಚು ಹೇಳ್ತೇನಿ. ಮ್ಹಾಪಸಾದಿಂದ ಮುಂಬೈಗೆ ಬಸ್ಸು, ಹೋಗಿ ಬರೂದು ಎರಡು ಸಲ. ನಿಮ್ಮವ್ವನ ಮೈಮ್ಯಾಲಿನ ತೊಗಲು, ಕಡಲಿಬ್ಯಾಳಿಯಷ್ಟು, ಮೂರು ಚೂರು. ಬಾಟಲಿ ಮೂರು. ಬಿಳಿ ಗುಳಿಗಿ ಏಳು ತಿಂಗಳದ್ದು, ಆಮ್ಯಾಲಿನ ಗುಳಿಗಿ ಇವತ್ತಿಗೂ ನಡದೈತಿ. ಒಂದು ಸಂಸಾರ. ಒಬ್ಬ ಗೆಳೆಯ. ಅವ್ವ ಇಲ್ಲದ ನಿನ್ನ ಐದು ವರ್ಷ. ರೊಕ್ಕದ ಬಾಬತ್ತು ಕೂಡಿಸಿದ್ರ ಒಂದು ಸಣ್ಣ ಸ್ಲ್ಯಾಬು ಹಾಕೂವಷ್ಟಾಕ್ಕೈತಿ, ಅದರ ಬಗ್ಗೆ ನನಗ ಸಂಕಟ ಇಲ್ಲ. ಉಳಿದದ್ದಕ್ಕ ಏನು ರೇಟು ಹಚ್ಚಬೇಕು ಅಂತ ನನಗ ಇನ್ನೂ ತಿಳಿದಿಲ್ಲ.

ನಿನ್ನ ಕಾರ್ಡು ಮುಟ್ಟಿತು. ನಿನ್ನ ನೋಡಾಕ ಬಂದ ಬೀಗರು 'ಹುಡುಗಿ ತಾಯಿಗೆ ಏನು ರೋಗ, ಯಾಕ ಗಂಡನ ಮನ್ಯಾಗ ಇಲ್ಲ' ಅಂತ ಕೇಳಿದ್ರು, ನಿಮ್ಮಪ್ಪ ಬಾಯಿ ಬಿಡಲಿಲ್ಲ, ನಿಮ್ಮ ಆಯಿ ಸೋಮಿಬಾಯಿ ಒಳಗ ಎದ್ದು ಹೋದ್ಲು ಅಂತ ಬರದೀದಿ. 'ಮಾಮಾ, ನೀವರ ಖರೇ ಹೇಳ್ರಿ' ಅಂದೀದಿ. ಹದಿನೆಂಟು ವರ್ಷದಾಕಿ, ಕೇಳೂ ಹಕ್ಕು ಐತಿ ನಿನಗ.

ನಾ ಗೋವಾಕ್ಕ ಬಂದಾಗ ಕಲ್ಲು ಒಡ್ಯಾಂವ. ಇವತ್ತು ಅರವತ್ತು ಆಳಿನ ಮುಕಾದಮ. ಈ ನಡುವ ಕಲಿತ ಒಂದ ವಿದ್ಯಾ ಅಂದ್ರ ಏನು ಬರದ್ರೂ ಕೆಳಗ ಕಾರ್ಬನ್ ಇಟ್ಟು ಬರಿಯೂದು. ಇಂಜಿನಿಯರ್ ನಾಳಿ 'ನಾ ಹಂಗ ಅಂದಿದ್ದಿಲ್ಲ' ಅಂದ್ರ ತೋರಸಾಕ. ಹಿಂಗಾಗಿ ನಿಮ್ಮಪ್ಪ ಹೀರ್ಯಾಗ, ಉಳಿದವರಿಗೆ ನಾ ಬರದ ಪತ್ರದ ನಕಲೂ ನನ್ನ ಹತ್ರ ಅದಾವು, ಬಂದ ಪತ್ರಾನೂ ಅದಾವು. ನಮ್ಮ ಲಂಬಾಣಿ ಮಾತಿಗೆ ಬರವಣಿಗಿ ಇಲ್ಲ, ಎಲ್ಲಾ ಕನ್ನಡದಾಗ ಐತಿ. ನೀ ಮರಾಠಿ ಸಾಲಿ ಕಲತಾಕಿ, ಸಾವಕಾಶ ಓದು. ತಾರೀಖಿನ ಪ್ರಕಾರ ಜೋಡಿಸೇನಿ. ನಡುನಡುವ ತಿಂಗಳಗಟ್ಟಲೆ ಖಾಲಿ ಕಾಣ್ತೈತಿ. ಕಾಗದ ಕಳದಾವು ಅಂತ ತಿಳೀಬ್ಯಾಡ. ಅಲ್ಲಿ ನಾ ಸುಮ್ಮನಿದ್ದೆ.

ಮೊದಲು ಒಬ್ಬಾಕಿನ ಓದು. ಆಮ್ಯಾಲೆ ಯಾರಿಗೆ ಓದಿ ಹೇಳ್ತೀ, ನಿನಗ ಬಿಟ್ಟದ್ದು.

ನಿನ್ನ ಮಾಮಾ,
ನಾನಪ್ಪ

*

ಪರ್ವರಿ
೧೪ ಸೆಪ್ಟೆಂಬರ್ ೧೯೮೬

ಹೀರ್ಯಾ,

ಮಂಗಿ ಗುರುವಾರ ಬಸ್ಸಿಗೆ ಬಂದು ಮುಟ್ಯಾಳ. ಕೈಯಾಗ ಒಂದು ಗಂಟು, ಒಂದು ತಾಟು. 'ತಂಗಿ, ತಾಟು ಯಾಕ? ನಮ್ಮ ಮನ್ಯಾಗ ಇಲ್ಲೇನು?' ಅಂದೆ. 'ಅತ್ತಿ ನಂದು ಬ್ಯಾರೆ ಇಟ್ಟಿದ್ಲು ಅಣ್ಣಾ. ಬಿಟ್ಟು ಬಂದ್ರ ತಿಪ್ಪಿಗೆ ಒಗೀತಿದ್ಲು. ಸ್ಟೀಲಿಂದು' ಅಂದ್ಲು. ನಿಮ್ಮವ್ವ ಸೋಮಿಬಾಯಿಗೆ ನನ್ನ ನಮಸ್ಕಾರ ತಿಳಿಸು, ತಾಟು ಚಲೋ ಐತಿ ಅಂತನೂ ತಿಳಿಸು.

ರಟ್ಟಿ ಮ್ಯಾಲೆ, ನಡದ ಸುತ್ತ ನೀರಗುಳ್ಳಿ. ಕಾದ ಎಣ್ಣಿ ಸಿಡದಂಗ ಏಳ್ತಾವು, ಒಡದು ಹಸೀ ಗಾಯ ಬಿಟ್ಟು ಹೋಗ್ತಾವು. ಅರಿವಿ ಅಂಟಿಕೊಂಡ್ರ ತೊಗಲು ಕಿತ್ತುಕೊಂಡ ಬರ್ತೈತಿ. ಸರಕಾರಿ ದವಾಖಾನಿಗೆ ಒಯ್ದೆ. ಡಾಕ್ಟರ್ ಬಾಯಿ ಮೊಣಕೈ ಮ್ಯಾಲಿನ ಬಳಿ ಎಲ್ಲಾ ತೆಗೀಬೇಕು ಅಂದ್ಲು. ಗಂಡ ಇದ್ದಾಕಿ ಅವನ್ನ ತೆಗ್ಯಾಂಗಿಲ್ಲ ಅಂತ ನಿನ್ನ ಹೆಂಡತಿ ಅರ್ಧ ತಾಸು ಅತ್ಲು. ನೀ ಇನ್ನೂ ಗಂಡ ಅಂತ ಆಕಿ ತಿಳಕೊಂಡಾಳ, ನೋಡು.

ಡಾಕ್ಟರ್ ಬಾಯಿ ಗುಂಡಸೂಜಿ ಚುಚ್ಚಿ ನೋಡಿದ್ಲು, ಹತ್ತಿ ಸವರಿ ನೋಡಿದ್ಲು. ಮಂಗಿಗೆ ಎಲ್ಲಾ ಕಡೆ ಗೊತ್ತಾತು. 'ಮಹಾರೋಗ ನ್ಹಯ್' ಅಂದ್ಲು. ಅದಲ್ಲ ಹೀರ್ಯಾ, ದೊಡ್ಡ ರೋಗ ಅಲ್ಲ, ಕುಷ್ಠ ಅಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ. ಮೈಯಾಗಿನ ಕಾವಲುಗಾರ ತನ್ನ ಮೈ ತೊಗಲನ್ನೇ ವೈರಿ ಅಂತ ತಿಳದು ಕಡ್ಯಾಕತ್ತಾನಂತ. ನಮ್ಮ ಸೈಟಿನ ವಾಚ್‌ಮನ್ನೇ ಸಿಮೆಂಟು ಕದ್ದಂಗ.

ಆದ್ರ ಇಂಥಾ ರೋಗ ಎರಡು ಮೂರು ಅದಾವಂತ, ಹೊರಗಿಂದ ಎಲ್ಲಾ ಒಂದ ನಮೂನಿ, ಔಷಧ ಬ್ಯಾರೆ ಬ್ಯಾರೆ. ದೊಡ್ಡ ಔಷಧ ಒಂದೈತಿ. ಅದು ಮಂಗಿಗೆ ಹಿಂದ ಆಗಿದ್ದ ಟೀಬಿಯನ್ನ ಎಬ್ಬಿಸಿದ್ರೂ ಎಬ್ಬಿಸ್ತೈತಿ. ಅದಕ್ಕ ಪುರಾವೆ ಇಲ್ಲದ ಕೊಡೂದಿಲ್ಲ ಅಂತಾಳ. ಪುರಾವೆ ಸಿಗೂದು ಮುಂಬೈದಾಗ.

ಹೋದ ತಿಂಗಳ ನಾ ಸಾಂಗೆಗೆ ಬಂದಾಗ ನೀ ಬಸ್ ಸ್ಟ್ಯಾಂಡಿನ್ಯಾಗ ಅಂದಿದ್ದಿ: 'ಹತ್ತೂ ರೋಗ ಅಲ್ಲ ಅಂತ ಒಂದು ಕಾಗದ ತಾ ನಾನಪ್ಪಣ್ಣಾ, ಅವತ್ತಿನ ಮೊದಲನೇ ಬಸ್ಸಿಗೆ ಬಂದು ಕರಕೊಂಡು ಹೋಗ್ತೇನಿ.' ನಾ ಬರದಿಟ್ಟುಕೊಂಡೇನಿ. ತುಳಸಿನ್ನ ಸಾಲಿ ಬಿಡಸಬ್ಯಾಡ.

ನಿನ್ನ,
ನಾನಪ್ಪ

*

ಸಾಂಗೆ
೨ ಅಕ್ಟೋಬರ್ ೧೯೮೬

ನಾನಪ್ಪಣ್ಣಗ ಹೀರಪ್ಪನ ನಮಸ್ಕಾರ.

ನೀನು ಪರ್ವರಿಯೊಳಗ ಸ್ವಂತ ಖೋಲಿ ಕಟ್ಟಿಸಿ ಕುಂತೀದಿ, ನಿನಗ ಮಾತು ಹಗುರ. ನಮ್ಮದು ಗಣಿ ಚಾಳು. ಇಪ್ಪತ್ತೆರಡು ಮನಿಗೆ ಒಂದು ನಳ. ಮಂಗಿ ಕೊಡ ಇಟ್ಟ ಮ್ಯಾಲೆ ಹಿಂದಿನಾಕಿ ನಳ ತೊಳದು ನೀರು ಹಿಡೀತಿದ್ಲು. ಅದನ್ನ ನಾ ದಿನಾ ನೋಡೇನಿ. ಅವ್ವ ಒಬ್ಬಾಕಿನ ಅಲ್ಲ, ಇಡೀ ಚಾಳು ಹಂಗ ಐತಿ. ಗಣಿ ಮುಕಾದಮ ನನ್ನನ್ನ ಬ್ಯಾರೆ ತಂಡಕ್ಕ ಹಾಕಿದ.

ನಾ ಅಂದದ್ದು ಅಂದೇನಿ. ಕಾಗದ ತಾ. ಡಾಕ್ಟರ್ ಸಹಿ, ಠಸ್ಸೆ ಎರಡೂ ಇರಬೇಕು. ಚಾಳಿನ ಗ್ವಾಡಿಗೆ ಹಚ್ಚತೇನಿ.

ತುಳಸಿ ಸಂಜಿಕ ಬಸ್ಸು ಬರೂ ಹೊತ್ತಿಗೆ ರಸ್ತಾದ ಮ್ಯಾಲೆ ನಿಂದರ್ತಾಳ. ಇಂಥಾದ್ದು ಬರೀಬಾರದು ಅಂತ ಇದ್ದೆ.

ಹೀರಪ್ಪ

*

ಪರ್ವರಿ
೨೧ ನವೆಂಬರ್ ೧೯೮೬

ಹೀರ್ಯಾ,

ಮುಂಬೈಗೆ ಹೋಗಿ ಬಂದೆ. ಇನ್ನ ನಿಶ್ಚಿಂತಿ ಇರು.

ಡಾಕ್ಟರ್ ಬಾಯಿ ಮಂಗಿ ರಟ್ಟಿಯಿಂದ ಎರಡು ಚೂರು ತೆಗದ್ಲು. ಒಂದು ಗುಳ್ಳಿದು, ಇನ್ನೊಂದು ಗುಳ್ಳಿ ಬಾಜೂಕಿನ ಚಲೋ ತೊಗಲು. 'ಚಲೋದ್ದನ್ನ ಯಾಕ ಕೊಯ್ತೀರಿ ಬಾಯಿ?' ಅಂದೆ. ಗುಳ್ಳಿಯೊಳಗ ಎಲ್ಲಾ ಕೆಟ್ಟು ಹೋಗಿರ್ತೈತಿ, ಕಳ್ಳ ಇನ್ನೂ ಕೆಲಸದ ಮ್ಯಾಲೆ ಇರೂದು ಬಾಜೂದಾಗ ಅಂದ್ಲು. ಮಂಗಿ ತುಟಿ ಕಚ್ಚಿ ಕುಂತಿದ್ಲು. ಒಂದ ಸಲನೂ ಹಾ ಅನ್ನಲಿಲ್ಲ.

ಎರಡು ಬಾಟಲಿ ಕೊಟ್ಲು. ದೊಡ್ಡದರಾಗ ಕಣ್ಣಾಗ ನೀರು ಬರಸೂ ಘಾಟಿನ ಔಷಧ, ಫಾರ್ಮಲಿನ್ ಅಂತಾರ. ಸಣ್ಣದರಾಗ ಬಣ್ಣ ಇಲ್ಲ, ವಾಸನಿ ಇಲ್ಲ, ನೋಡಿದ್ರ ನೀರು. ನನಗ ಕೊಂಕಣಿ ಪೂರಾ ತಿಳಿಯೂದಿಲ್ಲ ಅಂತ ಹಿಂದಿಯೊಳಗ ಹೇಳಿದ್ಲು: 'ಯೇ ಕಚ್ಚಾ ಜಾಯೇಗಾ, ವೋ ಪಕ್ಕಾ. ದೋನೋ ಕೋ ಅಲಗ್ ರಖನಾ.' ಸಣ್ಣದು ಕಚ್ಚಾ, ದೊಡ್ಡದು ಪಕ್ಕಾ, ಎರಡೂ ಬ್ಯಾರೆ ಬ್ಯಾರೆ ಇಡು ಅಂತ. ನನಗ ನಗು ಬಂತು. ಕಚ್ಚಾ ಅಂದ್ರ ಏನು ಅಂತ ಈಕಿ ನನಗ ಹೇಳಬೇಕೇನು? ಇಪ್ಪತ್ತು ವರ್ಷ ಇಂಜಿನಿಯರನ ಬಾಯಾಗ ಕೇಳೇನಿ. ಕಚ್ಚಾ ಕೆಲಸ ಅಂದ್ರ ಒಡದು ಮತ್ತ ಕಟ್ಟೂದು, ಬಿಲ್ಲು ಪಾಸಾಗೂದಿಲ್ಲ.

ಮ್ಹಾಪಸಾದಾಗ ಮಧ್ಯಾಹ್ನ ಬಸ್ಸು ಹತ್ತಿದೆ. ಸಾವಂತವಾಡಿಯೊಳಗ ಸಣ್ಣ ತೊಂದ್ರಿ ಆತು. ನಾ ಇದ್ದೆ, ಸಂಭಾಳಿಸಿದೆ. ಬ್ಯಾರೆ ಯಾರರ ಹೋಗಿದ್ರ ಅಲ್ಲಿಂದ ತಿರುಗಿ ಬರ್ತಿದ್ರು.

ಮುಂಬೈ ಲ್ಯಾಬಿನ್ಯಾಗ ಯಾರು ಸಿಕ್ಕಿರಬೇಕು? ನಮ್ಮ ವಿಜಾಪುರದಾಕಿ, ಅಖ್ತರಬಾನು ಅಂತ. 'ಇಂಡಿ ಕಡೆಯವ್ರೇನ್ರಿ? ಮಾತಿನ ಮ್ಯಾಲೆ ಗೊತ್ತಾತು' ಅಂದ್ಲು. ತೊಗಲನ್ನ ಉಳ್ಳಾಗಡ್ಡಿ ಪೊರಿಗಿಂತ ತೆಳ್ಳಗ ಕೊಯ್ದು, ಒಂದು ಹೊಳಿಯೂ ಔಷಧ ಹಾಕಿ, ಕತ್ತಲ ಖೋಲ್ಯಾಗ ನೋಡ್ತಾರಂತ. ವೈರಿ ಕುಂತಿದ್ದ ಜಾಗಾದಾಗ ಹಸರು ಬೆಳಕು ಕಾಣ್ತೈತಂತ. ಎಲ್ಲಿ ಕಾಣ್ತು, ಹೆಂಗ ಕಾಣ್ತು ಅನ್ನೂದರ ಮ್ಯಾಲೆ ರೋಗದ ಹೆಸರು.

ರಿಪೋರ್ಟು ಬರಾಕ ಹದಿನೈದು ದಿನ. ಕ್ರಿಸ್ಮಸ್ಸಿಗೆ ಗಣಿ ಸೂಟಿ ಇರ್ತೈತಲ್ಲ, ಅವತ್ತ ಬಂದು ಕರಕೊಂಡು ಹೋಗು.

ನಾನಪ್ಪ

*

ಮುಂಬೈ
೧೦ ಡಿಸೆಂಬರ್ ೧೯೮೬

ನಾನಪ್ಪನವರಿಗೆ ಅಖ್ತರಬಾನು ಮಾಡುವ ಸಲಾಂ.

ರಿಪೋರ್ಟ್ ನಿಮ್ಮ ಡಾಕ್ಟರಿಗೆ ಟಪಾಲಿನಲ್ಲಿ ಹೋಗ್ಯದ. ಇದು ನಾನು ಬೇರೆಯಾಗಿ, ನಿಮಗಂತ ಬರೆಯುವುದು.

ಗುಳ್ಳೆಯ ಚೂರಿನಿಂದ ಏನೂ ನಿಕ್ಕಿ ಆಗಲಿಲ್ಲ. ಅದು ಹಳೇ ಗುಳ್ಳೆ, ಪದರು ಎಲ್ಲಿ ಬಿಟ್ಟದ ಅಂತ ಹೇಳಲಿಕ್ಕೆ ಬರಲಿಲ್ಲ. ಎಲ್ಲಾ ಆಸೆ ಸಣ್ಣ ಬಾಟಲಿ ಮ್ಯಾಲೆ ಇತ್ತು. ಅದರೊಳಗ ಯಾವ ಬೆಳಕೂ ಕಾಣಲಿಲ್ಲ. ಒಂದು ಚುಕ್ಕೆ ಸಹಾ ಇಲ್ಲ. ನಾನು ಎರಡು ಸಲ ಮಾಡಿ ನೋಡಿದೆ.

ನಾನಪ್ಪನವರೇ, ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತೀನಿ. ಆ ಚೂರು ಬೆಳ್ಳಗಾಗಿತ್ತು, ಗಟ್ಟಿಯಾಗಿತ್ತು. ಮುಚ್ಚಳ ತೆಗೆದಾಗ ಮೂಗಿಗೆ ಏನೋ ಘಾಟು ಬಡೀತು. ನಮ್ಮ ಸಾಹೇಬರು 'ಕಂಡದ್ದು ಬರಿ' ಅಂದರು, ಬರದೆ. 'ಸಂಶಯವಿದ್ದರೆ ಮತ್ತೊಂದು ಚೂರು ಕಳಿಸಿ' ಅಂತ ಕೆಳಗ ಒಂದು ಸಾಲು ಸೇರಿಸಿದೆ.

ದಾರಿಯೊಳಗ ಏನಾದರೂ ಆಗಿದ್ದರ ನನಗ ತಿಳಿಸ್ರಿ. ನಾನು ಯಾರ ಮುಂದೂ ಹೇಳೂದಿಲ್ಲ. ನಾವು ಒಂದ ನೀರು ಕುಡಿದವರು.

ನಿಮ್ಮ ತಂಗಿಗೆ ಸಲಾಂ.

ಅಖ್ತರಬಾನು

*

ಪರ್ವರಿ
೪ ಜನವರಿ ೧೯೮೭

ಹೀರ್ಯಾ,

ಮುಂಬೈದವರಿಗೆ ಏನೂ ಕಾಣಲಿಲ್ಲಂತ. ಕಾಣಲಿಲ್ಲ ಅಂದ್ರ ಏನರ್ಥ? ದೊಡ್ಡದು ಏನೂ ಇಲ್ಲ ಅಂತನ ಅರ್ಥ. ಇದ್ದಿದ್ರ ಕಾಣ್ತಿದ್ದಿಲ್ಲೇನು? ಇಷ್ಟಕ್ಕ ನೀ ಕಾಗದ ಎಲ್ಲಿ ಅಂತ ಗಂಟು ಬೀಳಬ್ಯಾಡ. ದೊಡ್ಡ ದವಾಖಾನಿ ಅಂದಮ್ಯಾಲೆ ಸಾವಕಾಶ ಆಗೂದ.

ಡಾಕ್ಟರ್ ಬಾಯಿ ಇನ್ನೊಂದು ಸಲ ಕೊಯ್ಯೋಣು ಅಂದಿದ್ಲು. ಏನು ಅವಸರ ಬಾಯಿ, ಮಂಗಿ ಚಾಕುವಿಗೆ ಅಂಜ್ಯಾಳ ಅಂದೆ. ಸದ್ಯಕ್ಕ ಬ್ಯಾರೆ ಬಿಳಿ ಗುಳಿಗಿ ಕೊಟ್ಟಾಳ, ಕೆಲವರಿಗೆ ಅದರಿಂದನೂ ಕಡಿಮಿ ಆಗ್ತೈತಂತ. ಗುಳ್ಳಿ ಸ್ವಲ್ಪ ಕಡಿಮಿ ಆದಂಗ ಕಾಣ್ತೈತಿ. ಹೋಳಿ ಹಬ್ಬಕ್ಕ ಕಳಸ್ತೇನಿ. ಮಗಳ ಮಾರಿ ನೋಡಲಿ.

ನಾನಪ್ಪ

*

ಸಾಂಗೆ
೨೦ ಮಾರ್ಚ್ ೧೯೮೭

ನಾನಪ್ಪಗ,

ಅಣ್ಣಾ ಅಂತ ಬರಿಯೂದಿಲ್ಲ ಇವತ್ತು.

ಮಂಗಿನ್ನ ನಿನ್ನೆ ವಾಪಸ್ ಕಳಿಸೇನಿ. ಮುಟ್ಟಿರಬೇಕು. ಯಾಕ ಅಂತ ಆಕಿ ಹೇಳೂದಿಲ್ಲ, ನಾ ಹೇಳ್ತೇನಿ. ಹೋಳಿ ದಿನ ತಾಂಡಾದಿಂದ ಅವ್ವನ ತಮ್ಮ ಥಾವರಪ್ಪ ಬಂದಿದ್ದ. ಅವನ ಬೆರಳು ನೀ ನೋಡೀದಿ. ಮಂಗಿ ಊಟ ಆದಮ್ಯಾಲೆ ಗುಳಿಗಿ ಪುಡಿಕಿ ಬಿಚ್ಚಿದ್ಲು. ಥಾವರಪ್ಪ ಕೈಯಾಗ ಹಿಡಕೊಂಡು ನೋಡಿ ಅಂದ: 'ಅರೇ, ಇದು ನನ್ನ ಗುಳಿಗಿ. ಕುಷ್ಠರೋಗದ ಜೀಪಿನವರು ತಿಂಗಳಾ ತಿಂಗಳಾ ಕೊಡ್ತಾರಲ್ಲ, ಅದ. ನೀನೂ ಇದನ್ನ ತಿಂತೀಯೇನು ತಂಗಿ?' ಹೊಲಸು ಮನಸ್ಸಿನಿಂದ ಅಂದದ್ದಲ್ಲ ಅವ. ಜೋಡಿ ಸಿಕ್ಕಂಗ ಖುಷಿಯಿಂದ ಅಂದ.

ಅವ್ವನ ಕೈಯಾಗಿನ ಹೋಳಿಗಿ ನೆಲಕ್ಕ ಬಿತ್ತು. ಆಮ್ಯಾಲೆ ಚಾಳಿಗೆಲ್ಲ ಗೊತ್ತಾತು.

ನೀ ನನ್ನ ಗೆಳೆಯ ಆಗಿ ಸುಳ್ಳು ಬರದಿ. ಏನೂ ಕಾಣಲಿಲ್ಲ ಅಂದಿ, ಆ ರೋಗದ್ದ ಗುಳಿಗಿ ತಿನಿಸಿ ಕಳಿಸಿದಿ. ತುಳಸಿ ನನ್ನ ಹತ್ರ ಇರ್ತಾಳ. ತಾಯಿ ಸೆರಗು ಹಿಡಕೊಂಡಿದ್ಲು, ನಾನ ಬಿಡಿಸಿದೆ.

ಹೀರಪ್ಪ

*

ಪರ್ವರಿ
೯ ಆಗಸ್ಟ್ ೧೯೮೭

ಅಖ್ತರಬಾನು ಅಕ್ಕಾವ್ರಿಗೆ ನಾನಪ್ಪನ ಸಲಾಂ.

ನಿಮ್ಮ ಪತ್ರಕ್ಕ ಎಂಟು ತಿಂಗಳ ಮ್ಯಾಲೆ ಉತ್ತರ ಬರ್ಯಾಕತ್ತೇನಿ. ನೀವು ಕೇಳಿದ್ದಿರಿ, ದಾರ್ಯಾಗ ಏನರ ಆತೇನು ಅಂತ. ಆತ್ರಿ.

ಸಾವಂತವಾಡಿಯೊಳಗ ಚಹಾಕ್ಕ ಬಸ್ಸು ನಿಂತಾಗ ಚೀಲ ಒದ್ದಿಯಾಗಿತ್ತು. ಸಣ್ಣ ಬಾಟಲಿ ಬೂಚು ಸಡಿಲಾಗಿ ನೀರು ಸೋರಿತ್ತು. ತಳದಾಗ ಒಂದು ಚಮಚ ಉಳದಿತ್ತು, ಚೂರು ಅದರಾಗ ಅರ್ಧ ಮುಳಗಿತ್ತು. ನಾ ವಿಚಾರ ಮಾಡಿದೆ. ಇದು ಕಚ್ಚಾ, ಮ್ಯಾಲೆ ನೀರೂ ಇಲ್ಲ, ಮುಂಬೈ ಮುಟ್ಟೂದ್ರೊಳಗ ನಾರ್ತೈತಿ. ಬಾಜೂಕ ಪಕ್ಕಾ ಔಷಧ ಬಾಟಲಿ ತುಂಬ ಐತಿ, ಮೂಗಿಗೆ ಬಡಿಯೂವಂಥಾದ್ದು. ಸಿಮೆಂಟು ಕಡಿಮಿ ಬಿದ್ದ ಕೆಲಸಕ್ಕ ನಾ ನನ್ನ ಜೇಬಿನಿಂದ ಒಂದು ಬುಟ್ಟಿ ಜಾಸ್ತಿ ಹಾಕ್ಸಾಂವ. ಕಚ್ಚಾ ಮಾಲು ಪಕ್ಕಾ ಮಾಡಿ ಕೊಟ್ರ ಯಾರು ಬ್ಯಾಡ ಅಂತಾರ? ಚೂರನ್ನ ದೊಡ್ಡ ಬಾಟಲಿಗೆ ಹಾಕಿದೆ. ಮರುದಿನ ನಿಮ್ಮ ಗೇಟಿನ ಹೊರಗ ಕುಂತು ಕಡ್ಡಿಯಿಂದ ಅದನ್ನ ಆರಿಸಿ ತೆಗದು ಸಣ್ಣದಕ್ಕ ಹಾಕಿ, ನಳದ ನೀರು ತುಂಬಿ ನಿಮ್ಮ ಕೈಯಾಗ ಕೊಟ್ಟೆ. ಕೊಡೂವಾಗ ನನ್ನ ಶಾಣ್ಯಾತನಕ್ಕ ನಾನ ಮೆಚ್ಚಿದ್ದೆ.

ನಿಮ್ಮ ಪತ್ರ ಬಂದ ದಿನ ತಿಳೀತು ಏನು ಮಾಡೇನಿ ಅಂತ. ಡಾಕ್ಟರ್ ಬಾಯಿ ರಿಪೋರ್ಟು ಓದಿ ನೆಟ್ಟಗ ಕೇಳಿದ್ಲು: 'ರಸ್ತೇ ಮೇ ಕುಛ್ ಹುವಾ ಥಾ?' ಇಲ್ಲ ಅಂದೆ. ಮತ್ತ ಕೊಯ್ಯೋಣು ಅಂದಾಗ, ತಂಗಿ ಚಾಕುವಿಗೆ ಅಂಜ್ಯಾಳ ಅಂದೆ. ತಂಗಿನ್ನ ಕೇಳೇ ಇದ್ದಿಲ್ಲ. ಇನ್ನೊಂದು ಚೂರು ಹೋದ್ರ, ಅದರಾಗ ಬೆಳಕು ಕಂಡ್ರ, ಮೊದಲಿಂದು ಯಾಕ ಕಾಣಲಿಲ್ಲ ಅಂತ ಎಲ್ಲಾರೂ ನನ್ನ ಕಡೆ ತಿರಗತಾರ. ಅರವತ್ತು ಮಂದಿ ಆಳು ನನ್ನ ಮಾತು ಅಂದ್ರ ಅಳತಿಪಟ್ಟಿ ಅಂತ ತಿಳದಾರ. ಇಷ್ಟ ಕಾರಣ. ಬ್ಯಾರೆ ಇಲ್ಲ.

ಈಗ ಮಂಗಿ ಬಾಯೊಳಗೂ ಹುಣ್ಣು ಬಂದಾವು. ಗಂಜಿ ಕುಡಿಯೂವಾಗ ಕಣ್ಣೀರು ಇಳೀತಾವು. ಬಿಳಿ ಗುಳಿಗಿ ನಿಂತಾವು. ಡಾಕ್ಟರ್ ಬಾಯಿಗೆ ನಿನ್ನೆ ಎಲ್ಲಾ ಹೇಳಿದೆ. ಆಕಿ ಬೈಯಲಿಲ್ಲ, ಮತ್ತ ಕೊಯ್ಯೂ ತಾರೀಖು ಬರದು ಕೊಟ್ಲು. ಬೈದಿದ್ರ ಚಲೋ ಇತ್ತು.

ಮತ್ತ ಒಂದು ಚೂರು ತರ್ತೇನಿ. ತರಲೇನು?

ನಾನಪ್ಪ

*

ಮುಂಬೈ
೧೮ ಆಗಸ್ಟ್ ೧೯೮೭

ನಾನಪ್ಪನವರೇ,

ತರ್ರಿ. ಕೇಳುವುದೇನು?

ಆದರ ಇದನ್ನ ತಿಳಕೊಂಡು ತರ್ರಿ. ಫಾರ್ಮಲಿನ್ ಮಾಂಸ ಕೆಡದಂಗ ಕಾಯ್ತದ, ಖರೇ. ಹಂಗ ಕಾಯೂದ್ರೊಳಗ ತೊಗಲಿನೊಳಗಿನ ಎಲ್ಲಾನೂ ಬಿಗದು ಗಟ್ಟಿ ಮಾಡಿಬಿಡ್ತದ. ಅದನ್ನ ಪಕ್ಕಾ ಅಂತೀವಿ ನಾವು. ನಮ್ಮ ಹೊಳಿಯುವ ಔಷಧ ಹೋಗಿ ಕೂಡಬೇಕಾದ ಜಾಗಾ ಆಮ್ಯಾಲೆ ಸಿಗೂದಿಲ್ಲ. ಕಚ್ಚಾ ಅಂದರ ಕಳಪೆ ಅಂತ ಅಲ್ಲ. ಕಚ್ಚಾ ಅಂದರ ಇನ್ನೂ ಮಾತಾಡುವಂಥಾದ್ದು. ಪಕ್ಕಾ ಮಾಡಿದ ಮ್ಯಾಲೆ ಅದು ಸುಮ್ಮನಾಗ್ತದ.

ಇನ್ನೊಂದು ಹೇಳಬಾರದು ಅಂತಿದ್ದೆ, ಹೇಳ್ತೀನಿ. ಆ ಒಂದು ಚಮಚ ಸಾಕಿತ್ತು. ಅದೂ ಇಲ್ಲದಿದ್ದರ ಸಲೈನ್ ನೀರಿನ್ಯಾಗ ಅದ್ದಿದ ಬಟ್ಟೆಯೊಳಗ ಸುತ್ತಿ ತಂದಿದ್ದರೂ ಒಂದು ದಿನಕ್ಕ ನಡೀತಿತ್ತು.

ತಪ್ಪು ನಿಮ್ಮೊಬ್ಬರದಲ್ಲ. ಘಾಟು ನನ್ನ ಮೂಗಿಗೆ ಬಂದಿತ್ತು. ಜೋರಾಗಿ ಹೇಳಬೇಕಿತ್ತು, ಸಣ್ಣಗ ಒಂದು ಸಾಲು ಬರದು ಬಿಟ್ಟೆ.

ಅಖ್ತರಬಾನು

*

ಮುಂಬೈ
೧೨ ಅಕ್ಟೋಬರ್ ೧೯೮೭

ನಾನಪ್ಪನವರಿಗೆ ಸಲಾಂ.

ಕಾಣಿಸ್ತು. ಇಷ್ಟು ಚಂದ ನಾನು ಬಹಳ ದಿನದಿಂದ ನೋಡಿರಲಿಲ್ಲ, ಚಂದ ಅನ್ನಬಾರದು, ಆದರೂ. ತೊಗಲಿನ ಮೇಲಿನ ಪದರಿನ ಒಂದೊಂದು ಕಣದ ಸುತ್ತಲೂ ಹಸಿರು ಗೆರೆ. ಪೂರಾ ಮೀನಿನ ಬಲೆ ಹರವಿದಂಗ. ನೀವು ಗೋವಾದಾಗ ಇರುವವರು, ಬಲೆ ಅಂದರ ನಿಮಗ ತಿಳೀತದ. ಬಲೆ ಕಂಡರ ಪೆಂಫಿಗಸ್. ತಳದಾಗ ಒಂದ ಗೆರೆ ಕಂಡಿದ್ದರ ಬೇರೆ ರೋಗ. ಇನ್ನ ಸಂಶಯ ಇಲ್ಲ.

ಇದು ಅಂಟುರೋಗ ಅಲ್ಲ, ಕುಷ್ಠ ಅಲ್ಲ ಅಂತ ಸಾಹೇಬರಿಂದ ಬೇರೆ ಕಾಗದ ಬರೆಸಿ, ಸಹಿ, ಠಸ್ಸೆ ಎರಡೂ ಹಾಕಿಸಿ ಇದರ ಜೊತಿ ಇಟ್ಟೀನಿ. ನಿಮ್ಮ ಡಾಕ್ಟರು ಈಗ ಧೈರ್ಯದಿಂದ ದೊಡ್ಡ ಔಷಧ ಕೊಡಬಹುದು, ಎದಿ ಫೋಟೋ ತೆಗೆಸಿ, ಟೀಬಿ ಗುಳಿಗಿ ಜೋಡಿ.

ಅಖ್ತರಬಾನು

*

ಪರ್ವರಿ
೧೭ ಅಕ್ಟೋಬರ್ ೧೯೮೭

ಹೀರ್ಯಾ,

ಇದರ ಜೋಡಿ ಕಾಗದ ಐತಿ. ನೀ ಕೇಳಿದ್ದ ಕಾಗದ. ಸಹಿ, ಠಸ್ಸೆ ನೋಡಕೋ. ಥಾವರಪ್ಪನ ಗುಳಿಗಿ ನಾಕಾರು ರೋಗಕ್ಕ ಕೊಡ್ತಾರಂತ, ಡಾಕ್ಟರ್ ಬಾಯಿ ಬೇಕಾದ್ರ ನಿನ್ನ ಮುಂದ ಹೇಳ್ತಾಳ.

ದೀಪಾವಳಿ ನಾಕೈದು ದಿನ ಐತಿ. ಬಾ. ಬಯ್ಯೂದಿದ್ರ ಇಲ್ಲಿ ಬಂದು ಬೈ.

ನಾನಪ್ಪ

*

ಸಾಂಗೆ
೬ ನವೆಂಬರ್ ೧೯೮೭

ನಾನಪ್ಪಣ್ಣಗ,

ಕಾಗದ ಮುಟ್ಟಿತು. ಇಂಗ್ಲೀಷ್ ಬಲ್ಲವರ ಕಡೆಯಿಂದ ಮೂರು ಸಲ ಓದಿಸಿದೆ.

ಜೂನ್‌ದಾಗ ತಾಂಡಾಕ್ಕ ಹೋಗಿದ್ದೆ. ಅವ್ವ ಊಟ ಬಿಟ್ಟಿದ್ಲು. ನಾಯಕನ ಮುಂದ ಮಾತಾತು, ಮಂಗಿ ಜೋಡಿ ಸಂಬಂಧ ಬಿಡಿಸಿದ್ರು, ಗೌರಿಬಾಯಿ ಅನ್ನಾಕಿನ್ನ ಕಟ್ಟಿದ್ರು. ನಿನಗ ಸುದ್ದಿ ಮುಟ್ಟಬಾರದು ಅಂತ ನಾನ ಎಲ್ಲಾರಿಗೂ ಹೇಳಿದ್ದೆ. ಅಂಜಿಕಿ. ಗೌರಿ ಈಗ ಎರಡು ತಿಂಗಳ ಬಸುರಿ.

ಈ ಕಾಗದ ಹೋದ ಕ್ರಿಸ್ಮಸ್ಸಿಗೆ ಬಂದಿದ್ರ ಚಾಳಿನ ಗ್ವಾಡಿಗೆ ಹಚ್ಚತಿದ್ದೆ.

ಒಂದ ಮಾತು ಕೇಳ್ತೇನಿ. ಅದ ಮನಿಶಾ, ಅದ ತೊಗಲು, ಅದ ಲ್ಯಾಬು. ಮೊದಲನೇ ಸಲ ಯಾಕ ಕಾಣಲಿಲ್ಲ?

ಹೀರಪ್ಪ

*

ಸಾಂಗೆ
೨೬ ಫೆಬ್ರವರಿ ೧೯೯೨

ನಾನಪ್ಪ ಮಾಮಾಗ ತುಳಸಿಯ ನಮಸ್ಕಾರ.

ನನ್ನ ಕನ್ನಡ ವಾಕಡೆ, ಸೊಟ್ಟ ಆಗ್ತದೆ, ಸಂಭಾಳಿಸಿ ಓದ್ರಿ.

ಅಪ್ಪನ ಕಟ್ಟಕಡೀ ಪತ್ರದ ಕೊನಿಗೆ ಒಂದು ಪ್ರಶ್ನಿ ಇತ್ತು, ಅದಕ್ಕ ನಿಮ್ಮ ಉತ್ತರದ ನಕಲು ಹುಡುಕಿದೆ. ಸಿಗಲಿಲ್ಲ. ಆಮ್ಯಾಲೆ ತಿಳೀತು, ನೀವು ಉತ್ತರ ಬರದೇ ಇದ್ದಿಲ್ಲ.

ಅಪ್ಪಗ ಓದಿ ಹೇಳಿದೆ. ಆಗಸ್ಟದ ಪತ್ರ ಎರಡು ಸಲ ಓದಿಸ್ಯಾನ. ಆಮ್ಯಾಲೆ ಅಂದ: 'ಬಾಟಲಿ ಸೋರೇತಿ ಅಂತ ಅವತ್ತ ಬರದಿದ್ರ ನಾ ಕಾಯ್ತಿದ್ದೆ.' ಆಯಿ ಒಲಿ ಮುಂದ ಕುಂತಿದ್ಲು. ತಿರುಗಿ ನೋಡದ ಅಂದ್ಲು: 'ನೀ ಎಲ್ಲಿ ಕಾಯ್ತಿದ್ದಿ? ನಾ ಕಾಯಾಕ ಬಿಡ್ತಿದ್ನೇನು? ಅವನೊಬ್ಬನ ಮ್ಯಾಲೆ ಹಾಕಬ್ಯಾಡ.' ಗೌರಿ ಅವ್ವ ಹುಡುಗರನ್ನ ಕರಕೊಂಡು ಹೊರಗ ಹೋದ್ಲು.

ಶುಕ್ರವಾರ ಮ್ಹಾಪಸಾ ಬಾಜಾರಕ್ಕ ಹೋದೆ. ನನ್ನ ಯಾಡಿ, ಹೆತ್ತವ್ವ, ಕನ್ನಡಿ ಚೀಲ ಮಾರಾಕ ಎಲ್ಲಿ ಕುಂದರ್ತಾಳ ಅಂತ ಗೊತ್ತಿತ್ತು. ಹೋದ ವರ್ಷ ದೂರದಿಂದ ನೋಡಿ ಬಂದಿದ್ದೆ, ಯಾರಿಗೂ ಹೇಳಿಲ್ಲ. ಗುಳಿಗಿಯಿಂದ ಮಾರಿ ದುಂಡಗಾಗೇತಿ, ಅವತ್ತ ಮೊದಲು ಗುರ್ತಾ ಸಿಕ್ಕಿದ್ದಿಲ್ಲ. ನನಗೂ ಆಕಿಗೂ ಅಳಾಕ ಪುರಸೊತ್ತಿದ್ದಿಲ್ಲ, ಗಿರಾಕಿ ಇದ್ರು. ಬಾಜೂಕ ಕುಂತು ಎಲ್ಲಾ ಓದಿದೆ. ನಡುವ ಒಬ್ಬ ಗೋರಾ ಟೂರಿಸ್ಟ್ ಕನ್ನಡಿ ಚೀಲ ಎತ್ತಿ ಹೌ ಮಚ್ ಅಂದ, ಯಾಡಿ ಬೆರಳು ತೋರಿಸಿದ್ಲು, ಅವ ಅರ್ಧ ಅಂದ, ಯಾಡಿ ಚೀಲ ಕಸಗೊಂಡ್ಲು. ನಾ ಮತ್ತ ಓದಿದೆ.

ಸಾವಂತವಾಡಿದು ಕೇಳಿ ಆಕಿಗೆ ಸಿಟ್ಟು ಬರಲಿಲ್ಲ ಮಾಮಾ. 'ಪಾಪ, ಅಣ್ಣಗ ಏನು ಗೊತ್ತು, ನಾ ಇದ್ರೂ ಹಂಗ ಮಾಡ್ತಿದ್ದೆ' ಅಂದ್ಲು. ಮುಂದ ಚಾಕುವಿನ ಮಾತು ಬಂತು. ಅಲ್ಲಿ ಕೈ ಹಿಡಿದು ನಿಲ್ಲಿಸಿದ್ಲು. 'ಅದನ್ನ ಇನ್ನೊಮ್ಮೆ ಓದು' ಅಂದ್ಲು. ಓದಿದೆ. 'ಚಾಕು ಬ್ಯಾಡ ಅಂತ ನಾ ಯಾವಾಗ ಅಂದಿದ್ದೆ? ಬೆನ್ನಿನ ತೊಗಲು ಪೂರಾ ತಗೋರಿ ಅಂತಿದ್ದೆ. ನನ್ನ ಬಾಯಾಗಿಂದು ಅಂತ ಹೇಳ್ಯಾನೇನು?' ಅಂದ್ಲು. ಆಮ್ಯಾಲೆ ಸಂಜಿ ತನಕ ನಿಮ್ಮ ಹೆಸರು ತಗೀಲಿಲ್ಲ.

ಬೀಗರಿಗೆ ಮುಂಬೈ ಕಾಗದ ತೋರಿಸಿದೆ. ವಿಚಾರ ಮಾಡ್ತೇವಿ ಅಂದಾರ. ಅವರು ಬ್ಯಾಡ ಅಂದ್ರೂ ನನಗ ಚಿಂತಿ ಇಲ್ಲ. ಮ್ಹಾಪಸಾದಾಗ ಬಾಜಾರದ ಹಿಂದ ಒಂದು ಖೋಲಿ ನೋಡೇವಿ. ಯಾಡಿ ಮತ್ತ ನಾನು. ಅಪ್ಪ ಹೂಂ ಅಂದಾನ. ಆಕಿ ಇನ್ನ ಪರ್ವರಿಗೆ ಬರೂದಿಲ್ಲ ಮಾಮಾ. ಅರಿವಿ ಗಂಟು ಒಯ್ಯಾಕ ಐತವಾರ ನಾನ ಬರ್ತೇನಿ. ದವಾಖಾನಿಗೂ ಮುಂದ ನಾನ ಕರಕೊಂಡು ಹೋಗ್ತೇನಿ.

ನೀವು ಎಲ್ಲಾ ಬರದು ಕಳಿಸಿದ್ದಕ್ಕ ಸಿಟ್ಟಾಗಬೇಕೋ ಏನು ಮಾಡಬೇಕೋ ನನಗ ಇನ್ನೂ ತಿಳದಿಲ್ಲ.

ತುಳಸಿ

*

ಪರ್ವರಿ
೧೫ ಮಾರ್ಚ್ ೧೯೯೨

ತುಳಸಿಗೆ,

ಐತವಾರ ನೀ ಬಂದಾಗ ನಾ ಸೈಟಿನ ಮ್ಯಾಲೆ ಇದ್ದೆ. ಅವತ್ತು ಕೆಲಸ ಇದ್ದಿಲ್ಲ. ಆಳು ಸೂಟಿ ಮಾಡಿದ್ರು, ನಾ ಒಬ್ಬಾಂವ ಮರಳಿನ ಮ್ಯಾಲೆ ಕುಂತಿದ್ದೆ. ನಿನ್ನ ಮಾರಿ ನೋಡಾಕ ಧೈರ್ಯ ಸಾಲಲಿಲ್ಲ.

ಗಂಟಿನ್ಯಾಗ ದವಾಖಾನಿ ಪುಸ್ತಕ ಇಟ್ಟೇನಿ. ಗುಳಿಗಿ ಮುಂಜಾನೆ ತಿಂಡಿ ಆದಮ್ಯಾಲೆ, ಖಾಲಿ ಹೊಟ್ಟ್ಯಾಗ ಬ್ಯಾಡ. ಒಂದ ಸಲ ನಿಲ್ಲಸಬ್ಯಾಡ, ಡಾಕ್ಟರ್ ಬಾಯಿ ಹೇಳಿದಂಗ ಚೂರು ಚೂರು ಇಳಸಬೇಕು. ಸಕ್ಕರಿ ರೋಗ ಬಂತೇನು ಅಂತ ಮೂರು ತಿಂಗಳಿಗೊಮ್ಮೆ ರಕ್ತ ನೋಡಸಬೇಕು. ಬಿಸಲಾಗ ಬಾಳ ಹೊತ್ತು ಕುಂದ್ರಸಬ್ಯಾಡ. ಖಾರ ಕಡಿಮಿ. ಇಷ್ಟು ವರ್ಷ ನಾ ನೋಡಿಕೊಂಡದ್ದನ್ನ ಬರದೇನಿ, ಅದಕ್ಕ ಬ್ಯಾರೆ ಅರ್ಥ ಹಚ್ಚಬ್ಯಾಡ.

ನಿಮ್ಮವ್ವ ಬರೋಬರಿ ಜಾಗಾ ಹಿಡದಾಳ. ಬಾಟಲಿದು ತಪ್ಪು. ತಪ್ಪು ಯಾರಿಗೂ ಆಗ್ತೈತಿ. ಆಕಿ ಬಾಯಾಗ ಇಲ್ಲದ ಮಾತನ್ನ ಆಕಿ ಹೆಸರಿನ ಮ್ಯಾಲೆ ಹೇಳಿದ್ದು ತಪ್ಪಲ್ಲ, ಅದಕ್ಕ ಬ್ಯಾರೆ ಹೆಸರು ಐತಿ. ಅದನ್ನ ಯಾವ ಕಾಗದದಾಗೂ ಬರೀಲಿಲ್ಲ ನಾ, ಈಗ ಬರ್ಯಾಕತ್ತೇನಿ: ಮೋಸ. ಆಕಿಗೆ ಓದಿ ಹೇಳು. ಕೇಳಾಕ ಒಲ್ಲೆ ಅಂದ್ರ ಬಿಡು.

ಖರ್ಚು ಮೊದಲ ಹೇಳಿದ್ದೆ. ಜಮಾ ಹೇಳಿ ಮುಗಸ್ತೇನಿ, ಯಾರಿಗೆ ಏನು ಸಿಕ್ತು ಅಂತ. ಹೀರಪ್ಪಗ ಹೆಂಡತಿ, ಇಬ್ಬರು ಗಂಡು ಹುಡುಗರು. ಸೋಮಿಬಾಯಿಗೆ ತೊಡಿ ಮ್ಯಾಲೆ ಮೊಮ್ಮಕ್ಕಳು. ಥಾವರಪ್ಪಗ ಏನೂ ಇಲ್ಲ. ಅಖ್ತರಬಾನುಗ ಹಸರು ಬಲೆಯ ಫೋಟೋ, ಹೊಸದಾಗಿ ಕಲ್ಯಾಕ ಬಂದವರಿಗೆ ತೋರಸಾಕ. ನಿಮ್ಮವ್ವಗ ಜೀವ, ದಿನಕ್ಕ ಎರಡು ಗುಳಿಗಿ, ಮತ್ತ ನೀನು. ನಿನಗ ಅವ್ವ, ಹದಿನೆಂಟನೇ ವರ್ಷದಾಗ.

ನನಗ, ಡಿಸೆಂಬರದಿಂದ ಆಗಸ್ಟದ ತನಕ, ಎಂಟು ತಿಂಗಳು ಶಾಣ್ಯಾ ಅನಿಸಿಕೊಂಡದ್ದು.

ನಾನಪ್ಪ